ಸೆಕೆಂಡ್ ಹ್ಯಾಂಡ್ ಎಸ್7-1200: ಪಿಎಲ್‌ಸಿ ಅಭ್ಯಾಸಕ್ಕೆ ಎಷ್ಟರ ಮಟ್ಟಿಗೆ ಒದಗುತ್ತದೆ?

ಸೀಮೆನ್ಸ್ ಕಂಪನಿಯ ಎಸ್7-1200 ಸರಣಿಯಲ್ಲಿ 1212ಸಿ ಎಂಬ ಪುಟ್ಟ ಪಿಎಲ್‌ಸಿ, ಅಂದರೆ ಕಾರ್ಖಾನೆಯ ಯಂತ್ರಗಳನ್ನು ಪ್ರೋಗ್ರಾಮಿನ ಮೂಲಕ ನಡೆಸುವ ನಿಯಂತ್ರಕ, ಇದೆ. ಯಾವುದೋ ಪ್ಯಾನೆಲ್‌ನಿಂದ ಬಿಚ್ಚಿ ಮಾರಾಟಕ್ಕೆ ಬಂದ ಅಂಥದೊಂದನ್ನು ಕೊಂಡು, ಮನೆಯ ಮೇಜಿನ ಮೇಲೆ ಕೂರಿಸಿ, ಒಂದು ವರ್ಷದಿಂದ ಅದರಲ್ಲಿಯೇ ಪ್ರೋಗ್ರಾಮಿಂಗ್ ಅಭ್ಯಾಸ ಮಾಡುತ್ತಿದ್ದೇನೆ. ಇದಕ್ಕೆ ಮೊದಲು ಇನ್ನೂ ಅಗ್ಗವಾದ ಎರಡು ದಾರಿಗಳಲ್ಲಿ ನಡೆದು ನೋಡಿದ್ದೆ. ಅವೆರಡರ ಅನುಭವವಿಲ್ಲದಿದ್ದರೆ ಈ ಯಂತ್ರದ ಗುಣದೋಷಗಳನ್ನು ಅಳೆಯಲು ನನ್ನ ಬಳಿ ಅಳತೆಗೋಲೇ ಇರುತ್ತಿರಲಿಲ್ಲವಾದ್ದರಿಂದ ಮೊದಲು ಅವುಗಳ ವಿಷಯವನ್ನು ಹೇಳಿಬಿಡುತ್ತೇನೆ.

ಮೊದಲನೆಯದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಮೇಲೆ, ಅದನ್ನು ಪಿಎಲ್‌ಸಿಯಂತೆ ನಡೆಸುವ ಕೋಡೆಸಿಸ್ ತಂತ್ರಾಂಶ. ಕೋಡೆಸಿಸ್‌ನ ಪ್ರೋಗ್ರಾಮಿಂಗ್ ತಂತ್ರಾಂಶ ಉಚಿತ. ಬರೆದ ಪ್ರೋಗ್ರಾಮನ್ನು ಪೈ ಮೇಲೆ ನಡೆಸುವ ಅದರ ರನ್‌ಟೈಮ್ ಲೈಸೆನ್ಸ್ ಇಲ್ಲದೆಯೂ ಎರಡು ಗಂಟೆ ಓಡಿ ನಿಲ್ಲುತ್ತದೆ, ಮತ್ತೆ ಶುರು ಮಾಡಿದರೆ ಮತ್ತೆ ಎರಡು ಗಂಟೆ ಓಡುತ್ತದೆ. ಅಭ್ಯಾಸಕ್ಕೆ ಇದು ಧಾರಾಳವಾಗಿ ಸಾಕು. ಪಿಎಲ್‌ಸಿ ಭಾಷೆಗಳಿಗೆಂದಿರುವ ಐಇಸಿ 61131-3 ಎಂಬ ಅಂತರರಾಷ್ಟ್ರೀಯ ಮಾನದಂಡದ ಲ್ಯಾಡರ್ (ಏಣಿಯಾಕಾರದ ನಕ್ಷೆಯಾಗಿ ಬರೆಯುವ ಭಾಷೆ), ಫಂಕ್ಷನ್ ಬ್ಲಾಕ್, ಸ್ಟ್ರಕ್ಚರ್ಡ್ ಟೆಕ್ಸ್ಟ್, ಸೀಕ್ವೆನ್ಶಿಯಲ್ ಫಂಕ್ಷನ್ ಚಾರ್ಟ್ ಎಲ್ಲವನ್ನೂ ಇದರಲ್ಲಿ ಬರೆದು ನೋಡಬಹುದು, ಮತ್ತು ಹಲವು ತಯಾರಕರ ನಿಯಂತ್ರಕಗಳ ಒಳಗೆ ಇದೇ ಕೋಡೆಸಿಸ್ ಬೇರೆ ಬೇರೆ ಹೆಸರಿನಲ್ಲಿ ಕುಳಿತಿರುವುದರಿಂದ ಕಲಿತದ್ದು ವ್ಯರ್ಥವಾಗುವುದೂ ಇಲ್ಲ. ಭಾಷೆ ಕಲಿಯುವುದಷ್ಟೇ ಗುರಿಯಾಗಿದ್ದರೆ ನಾನು ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಪೈನ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟನ್ನೂ ತಾಳಲಾರವು; ಕಾರ್ಖಾನೆಯ ಸೆನ್ಸರುಗಳು, ಗುಂಡಿಗಳು, ಸೊಲೆನಾಯ್ಡುಗಳು ಇರುವುದು 24 ವೋಲ್ಟಿನಲ್ಲಿ. ನಡುವೆ ಮಟ್ಟ ಬದಲಿಸುವ ಸರ್ಕ್ಯೂಟುಗಳನ್ನು ಕಟ್ಟುತ್ತ ಹೋದಂತೆ ನಾನು ಪಿಎಲ್‌ಸಿ ಬಿಟ್ಟು ಎಲೆಕ್ಟ್ರಾನಿಕ್ಸ್ ಕಲಿಯತೊಡಗಿದ್ದೇನೆ ಎಂಬುದು ಅರಿವಿಗೆ ಬಂತು. ಅದೂ ಒಳ್ಳೆಯ ವಿದ್ಯೆಯೇ, ಆದರೆ ನಾನು ಹೊರಟದ್ದು ಆ ಊರಿಗಲ್ಲ.

ಎರಡನೆಯದು ಜಪಾನಿನ ಮಿತ್ಸುಬಿಷಿ ಕಂಪನಿಯ ಪ್ರಸಿದ್ಧ ಎಫ್‌ಎಕ್ಸ್ ಪಿಎಲ್‌ಸಿ ಸರಣಿಯ ತಂತ್ರಾಂಶಕ್ಕೆ ತಾನೇ ಆ ಪಿಎಲ್‌ಸಿ ಎಂದು ಹೇಳಿಕೊಳ್ಳುವ, ತಯಾರಕರ ಹೆಸರಿಲ್ಲದ ಬೋರ್ಡು. ಒಂದು ಸಾಧಾರಣ ಮೈಕ್ರೋಕಂಟ್ರೋಲರ್, ಒಂದಷ್ಟು ಆಪ್ಟೋಕಪ್ಲರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ), ಸಾಲಾಗಿ ರಿಲೇಗಳು (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್‌ಗಳು). ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ, 24 ವೋಲ್ಟನ್ನು ನೇರವಾಗಿ ತೆಗೆದುಕೊಳ್ಳುತ್ತದೆ, ಬೆಲೆಯ ದೃಷ್ಟಿಯಿಂದ ಇದಕ್ಕಿಂತ ಕೆಳಗೆ ಇಳಿಯುವುದು ಕಷ್ಟ. ಮೊದಲ ವಾರ ನನಗೆ ಬಹಳ ಸಂತೋಷವಾಗಿತ್ತು. ಆಮೇಲೆ ರಿಲೇ ಟಕ್ ಎಂದಾಗಲೆಲ್ಲ ಏರಿಳಿಯುವ ವೋಲ್ಟೇಜನ್ನು ಅಳೆಯುವ ಅನಲಾಗ್ ಇನ್‌ಪುಟ್‌ನ ಅಂಕಿ ಕುಣಿಯುವುದನ್ನು ಕಂಡೆ. ವಿದ್ಯುತ್ ಹೋಗಿ ಬಂದಾಗ ಉಳಿಯಬೇಕಿದ್ದ ಕೌಂಟರ್‌ನ ಎಣಿಕೆ ಕೆಲವೊಮ್ಮೆ ಉಳಿಯುತ್ತಿತ್ತು, ಕೆಲವೊಮ್ಮೆ ಉಳಿಯುತ್ತಿರಲಿಲ್ಲ. ಕಲಿಯುವವನ ಪಾಲಿಗೆ ಇದು ಕೆಟ್ಟದ್ದರಲ್ಲಿ ಕೆಟ್ಟದ್ದು, ಏಕೆಂದರೆ ತಪ್ಪು ತನ್ನ ಪ್ರೋಗ್ರಾಮಿನದೋ ಬೋರ್ಡಿನದೋ ಎಂದು ತೀರ್ಮಾನಿಸುವ ಅನುಭವ ಅವನಿಗೆ ಇನ್ನೂ ಇರುವುದಿಲ್ಲ. ಒಂದು ಟೈಮರ್‌ಗಾಗಿ ಎರಡು ರಾತ್ರಿ ಕಳೆದು, ಕೊನೆಗೆ ನನ್ನ ಲ್ಯಾಡರ್ ಸರಿಯಾಗಿಯೇ ಇತ್ತು ಎಂದು ಗೊತ್ತಾದಾಗ ಆ ಬೋರ್ಡನ್ನು ಡಬ್ಬಿಗೆ ಹಾಕಿದೆ.

1212ಸಿ ನನ್ನ ಕೈಸೇರಿದ್ದು ಆಗ. ಇದರಲ್ಲಿ 8 ಡಿಜಿಟಲ್ ಇನ್‌ಪುಟ್, 6 ಡಿಜಿಟಲ್ ಔಟ್‌ಪುಟ್, 0ಯಿಂದ 10 ವೋಲ್ಟ್ ಅಳೆಯುವ 2 ಅನಲಾಗ್ ಇನ್‌ಪುಟ್, ಒಂದು ಈಥರ್ನೆಟ್ ಕಿಂಡಿ ಇವೆ. ಪ್ರೋಗ್ರಾಮ್ ಹಾಕಲು ಮಾಮೂಲಿ ನೆಟ್‌ವರ್ಕ್ ಕೇಬಲ್ ಸಾಕು ಎಂಬ ಒಂದೇ ಅಂಶ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಎಷ್ಟು ದೊಡ್ಡದು ಎಂಬುದು, ಹಳೆಯ ಪಿಎಲ್‌ಸಿಯನ್ನು ಅಗ್ಗಕ್ಕೆ ಕೊಂಡು ಆಮೇಲೆ ಅದರ ವಿಶೇಷ ಕೇಬಲ್‌ಗೆ ಅಷ್ಟೇ ಹಣ ಸುರಿದವರಿಗೆ ತಿಳಿದಿರುತ್ತದೆ. ಪ್ರೋಗ್ರಾಮನ್ನು ಹಿಡಿದಿಡಲು ಇದಕ್ಕೆ ಬ್ಯಾಟರಿ ಬೇಡ. ಹಾಗಾಗಿ ಬಹುಕಾಲ ಕಪಾಟಿನಲ್ಲಿ ಬಿದ್ದಿದ್ದ ಯಂತ್ರವಾದರೂ ಬ್ಯಾಟರಿ ಸೋರಿ ಕೆಟ್ಟಿರಬಹುದೆಂಬ ಭಯವಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಮೈಮೇಲಿನ ಮೂರು ಅಕ್ಷರಗುಚ್ಛಗಳನ್ನು. ಡಿಸಿ/ಡಿಸಿ/ಡಿಸಿ ಎಂದಿದ್ದರೆ ಯಂತ್ರಕ್ಕೆ ಬೇಕಾದ ವಿದ್ಯುತ್ತು, ಇನ್‌ಪುಟ್, ಔಟ್‌ಪುಟ್ ಮೂರೂ 24 ವೋಲ್ಟ್ ಡಿಸಿ, ಔಟ್‌ಪುಟ್ ಟ್ರಾನ್ಸಿಸ್ಟರ್. ಎಸಿ/ಡಿಸಿ/ರಿಲೇ ಎಂದಿದ್ದರೆ ಯಂತ್ರಕ್ಕೆ ಗೋಡೆಯ ಸಾಕೆಟ್ಟಿನ ವಿದ್ಯುತ್ತನ್ನೇ ಕೊಡಬೇಕು, ಔಟ್‌ಪುಟ್ ರಿಲೇ. ಇವೆರಡರ ನಡುವೆ ಡಿಸಿ/ಡಿಸಿ/ರಿಲೇ ಎಂಬುದೂ ಇದೆ. ಪೆಟ್ಟಿಗೆಯಿಲ್ಲದೆ, ಬಾಗಿಲಿಲ್ಲದೆ ಮೇಜಿನ ಮೇಲೆ ಬೆತ್ತಲೆಯಾಗಿ ಕೂರುವ ಕಲಿಕೆಯ ಯಂತ್ರಕ್ಕೆ ಮೊದಲನೆಯದೇ ತಕ್ಕದ್ದು. ಬೆರಳು ತಗುಲಬಹುದಾದ ಕಡೆಯಲ್ಲೆಲ್ಲ 24 ವೋಲ್ಟ್ ಮಾತ್ರ ಇರುವುದು ನೆಮ್ಮದಿಯ ವಿಷಯ. ಅದಲ್ಲದೆ ಸ್ಟೆಪ್ಪರ್ ಮೋಟಾರನ್ನು ನಡೆಸುವ ಡ್ರೈವ್‌ಗೆ ಬೇಕಾದ ವೇಗದ ಪಲ್ಸುಗಳನ್ನು ಟ್ರಾನ್ಸಿಸ್ಟರ್ ಔಟ್‌ಪುಟ್ ಹೊರಡಿಸಬಲ್ಲದು, ರಿಲೇಯಿಂದ ಅದು ಆಗುವ ಕೆಲಸವಲ್ಲ. ನಾನು ಮೊದಲು ತರಿಸಿದ ಘಟಕದ ಚಿತ್ರದಲ್ಲಿ ಡಿಸಿ/ಡಿಸಿ/ಡಿಸಿ ಇತ್ತು, ಪೆಟ್ಟಿಗೆ ತೆರೆದಾಗ ಎಸಿ/ಡಿಸಿ/ರಿಲೇ ಇತ್ತು. ಹಿಂದಿರುಗಿಸಿ ಎರಡನೆಯದನ್ನು ತರಿಸುವಷ್ಟರಲ್ಲಿ, ಮಾರುವವರಿಂದ ಆರ್ಡರ್ ಸಂಖ್ಯೆ ಕಾಣುವಂತೆ ಫೋಟೋ ಕೇಳದೆ ಹಣ ಕೊಡಬಾರದೆಂಬ ಬುದ್ಧಿ ಬಂದಿತ್ತು.

ಆರ್ಡರ್ ಸಂಖ್ಯೆಯನ್ನು ಇನ್ನೂ ಒಂದು ಕಾರಣಕ್ಕೆ ಓದಬೇಕು. 6ಇಎಸ್7 212-1ಎಇ40-0ಎಕ್ಸ್‌ಬಿ0 ಎಂಬುದು ಡಿಸಿ/ಡಿಸಿ/ಡಿಸಿ ಮಾದರಿಯ 4ನೇ ಆವೃತ್ತಿಯ ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ತಂತ್ರಾಂಶ) ಇರುವ ಘಟಕ. 40ರ ಜಾಗದಲ್ಲಿ 30 ಅಥವಾ 31 ಇದ್ದರೆ ಅದು ಹಳೆಯ ಪೀಳಿಗೆಯದು, ಮತ್ತು ಹಳೆಯದನ್ನು ಫರ್ಮ್‌ವೇರ್ ಬದಲಿಸಿ 4ಕ್ಕೆ ಏರಿಸಲು ಬರುವುದಿಲ್ಲ. ಪಿಎಲ್‌ಸಿಸಿಮ್ ಎಂಬ ಸಿಮ್ಯುಲೇಟರ್ ಈ ಸರಣಿಯಲ್ಲಿ 4ನೇ ಆವೃತ್ತಿಯಿಂದ ಮೇಲಿನವನ್ನು ಮಾತ್ರ ಅನುಕರಿಸುತ್ತದೆ. ಹಾಗಾಗಿ 31 ಎಷ್ಟೇ ಅಗ್ಗವಾಗಿ ಸಿಕ್ಕರೂ ಅಭ್ಯಾಸಿಗಳು ಅದನ್ನು ಬಿಡುವುದೇ ಲೇಸು.

ನನ್ನ ಎರಡನೆಯ ಘಟಕದೊಳಗೆ ಹಳೆಯ ಯಜಮಾನರ ಪ್ರೋಗ್ರಾಮ್ ಪಾಸ್‌ವರ್ಡ್ ಹಾಕಿಕೊಂಡು ಕುಳಿತಿತ್ತು. ಇದಕ್ಕೆ ಕಂಪನಿಯ ಕೈಪಿಡಿಯಲ್ಲೇ ಉಪಾಯವಿದೆ: ಖಾಲಿ ಮೆಮೊರಿ ಕಾರ್ಡನ್ನು ಟ್ರಾನ್ಸ್‌ಫರ್ ಕಾರ್ಡ್ ಆಗಿ ಸಿದ್ಧಪಡಿಸಿ ತೂರಿಸಿದರೆ ಒಳಗಿನ ಪ್ರೋಗ್ರಾಮ್ ಪಾಸ್‌ವರ್ಡ್ ಸಮೇತ ಅಳಿಸಿಹೋಗುತ್ತದೆ. ಅದಕ್ಕೆ ಸೀಮೆನ್ಸ್‌ನದೇ ಕಾರ್ಡು ಬೇಕು. ಕ್ಯಾಮೆರಾದ ಕಾರ್ಡು ನಡೆಯುವುದಿಲ್ಲ, ಮತ್ತು ಆ ಕಾರ್ಡನ್ನು ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ಅದು ಪಿಎಲ್‌ಸಿಯ ಪಾಲಿಗೆ ಸತ್ತಂತೆಯೇ. ಬಳಸಿದ ಯಂತ್ರ ಕೊಳ್ಳುವವರು ಈ ಕಾರ್ಡಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಉಳಿದ ಸಾಮಾನು ಹೆಚ್ಚೇನಿಲ್ಲ. 24 ವೋಲ್ಟಿನ ಒಂದು ಪವರ್ ಸಪ್ಲೈ, ಅದರ ಮುಂದೆ ಫ್ಯೂಸ್, ಸಾಧನಗಳನ್ನು ಸಿಕ್ಕಿಸುವ 35 ಮಿಲಿಮೀಟರಿನ ಡಿನ್ ರೈಲಿನ ತುಂಡು, ಟರ್ಮಿನಲ್ ಬ್ಲಾಕುಗಳು, ನಾಲ್ಕು ಗುಂಡಿ, ನಾಲ್ಕು ದೀಪ, ಹತ್ತಿರ ಬಂದ ವಸ್ತುವನ್ನು ಮುಟ್ಟದೆಯೇ ಗುರುತಿಸುವ ಒಂದು ಪ್ರಾಕ್ಸಿಮಿಟಿ ಸೆನ್ಸರ್, ತಿರುಗಿಸಿ ವೋಲ್ಟೇಜ್ ಬದಲಿಸುವ ಒಂದು ಪೊಟೆನ್ಶಿಯೋಮೀಟರ್. ಅನಲಾಗ್ ಇನ್‌ಪುಟ್‌ಗೆ 10 ವೋಲ್ಟಿನ ಬೇರೆ ಸಪ್ಲೈ ಹುಡುಕಬೇಕಿಲ್ಲ: 10 ಕಿಲೋಓಮ್‌ನ ಪೊಟೆನ್ಶಿಯೋಮೀಟರಿನ ಮೇಲ್ತುದಿಗೂ 24 ವೋಲ್ಟಿಗೂ ನಡುವೆ 15 ಕಿಲೋಓಮ್‌ನ ರೆಸಿಸ್ಟರ್ ಇಟ್ಟರೆ ತಿರುಗಣೆಯನ್ನು ಪೂರ್ತಿ ತಿರುಗಿಸಿದಾಗ 9.6 ವೋಲ್ಟ್ ಸಿಗುತ್ತದೆ, ಅಭ್ಯಾಸಕ್ಕೆ ಅದು ಸಾಕು. ಇನ್‌ಪುಟ್‌ಗಳಿಗೆ ಸಿಕ್ಕಿಸುವ ಪುಟ್ಟ ಸ್ವಿಚ್‌ಗಳ ಸಿಮ್ಯುಲೇಟರ್ ಪಟ್ಟಿಯೊಂದನ್ನು ಕಂಪನಿಯೇ ಮಾರುತ್ತದೆ. ಅದನ್ನು ಕೊಳ್ಳದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ತಂತಿಯ ತುದಿ ಸುಲಿದು, ಅದಕ್ಕೆ ಫೆರೂಲ್ ಎಂಬ ಪುಟ್ಟ ಲೋಹದ ಟೊಪ್ಪಿಗೆ ಒತ್ತಿ, ಸ್ಕ್ರೂ ಬಿಗಿಮಾಡಿ, ತಂತಿಗೊಂದು ಸಂಖ್ಯೆ ಅಂಟಿಸುವ ಕೆಲಸ ಈ ವಿದ್ಯೆಯ ಅರ್ಧಭಾಗ.

ಯಂತ್ರ ತನ್ನ ಬೆಲೆಯನ್ನು ತೀರಿಸಿದ್ದು ಈ ತಂತಿಗಳ ನಡುವೆಯೇ. ಮೋಟಾರಿನ ಸ್ಟಾರ್ಟ್-ಸ್ಟಾಪ್ ಎಂಬ ಮೊದಲ ಪಾಠವನ್ನೇ ತೆಗೆದುಕೊಳ್ಳಿ. ಪರದೆಯ ಮೇಲಿನ ಸಿಮ್ಯುಲೇಟರಿನಲ್ಲಿ ಅದನ್ನು ಹತ್ತಾರು ಸಲ ಬರೆದಿದ್ದೆ: ಸ್ಟಾರ್ಟ್‌ಗೆ ತೆರೆದ ಕಾಂಟ್ಯಾಕ್ಟ್ (ಇನ್‌ಪುಟ್ 1 ಆದಾಗ ದಾರಿ ಬಿಡುವುದು), ಸ್ಟಾಪ್‌ಗೆ ಮುಚ್ಚಿದ ಕಾಂಟ್ಯಾಕ್ಟ್ (ಇನ್‌ಪುಟ್ 0 ಇದ್ದಾಗ ದಾರಿ ಬಿಡುವುದು), ಸ್ಟಾರ್ಟ್‌ಗೆ ಸಮಾಂತರವಾಗಿ ಮೋಟಾರಿನದೇ ಕಾಂಟ್ಯಾಕ್ಟ್. ಅದೇ ಪ್ರೋಗ್ರಾಮನ್ನು ನಿಜವಾದ ಗುಂಡಿಗಳಿಗೆ ಜೋಡಿಸಿದಾಗ ಮೋಟಾರ್ ಹೊರಡಲೇ ಇಲ್ಲ. ಸ್ಟಾಪ್ ಗುಂಡಿ ಎನ್‌ಸಿ ಮಾದರಿಯದು, ಅಂದರೆ ಒತ್ತದೇ ಇದ್ದಾಗ ಅದರ ಮೂಲಕ ವಿದ್ಯುತ್ ಹರಿಯುತ್ತಿರುತ್ತದೆ, ಇನ್‌ಪುಟ್ 1 ಆಗಿರುತ್ತದೆ. ಹೀಗಾಗಿ ಪ್ರೋಗ್ರಾಮಿನಲ್ಲಿ ಅದಕ್ಕೆ ತೆರೆದ ಕಾಂಟ್ಯಾಕ್ಟನ್ನೇ ಬರೆಯಬೇಕು. ಗುಂಡಿಯನ್ನು ಹಾಗೇಕೆ ಮಾಡಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ ಮೋಟಾರ್ ಓಡುತ್ತಿರುವಾಗ ಸ್ಟಾಪ್ ಗುಂಡಿಯ ತಂತಿಯೊಂದನ್ನು ಕಿತ್ತು ನೋಡಬೇಕು: ಮೋಟಾರ್ ನಿಲ್ಲುತ್ತದೆ. ಗುಂಡಿ ಎನ್‌ಒ, ಅಂದರೆ ಒತ್ತಿದಾಗ ಮಾತ್ರ ವಿದ್ಯುತ್ ಹರಿಯುವ ಮಾದರಿಯದು, ಆಗಿದ್ದರೆ ತಂತಿ ಕಡಿದುಹೋದದ್ದು ಯಾರಿಗೂ ತಿಳಿಯದೆ, ನಿಲ್ಲಿಸಲೇಬೇಕಾದ ಗಳಿಗೆಯಲ್ಲಿ ಅದು ಕೈಕೊಡುತ್ತಿತ್ತು. ಇದನ್ನು ನಾನು ಓದಿ ತಿಳಿದಿದ್ದೆ ಎಂದುಕೊಂಡಿದ್ದೆ. ಸ್ಕ್ರೂಡ್ರೈವರ್ ಹಿಡಿದ ಮೇಲೆ ಓದಿದ್ದಕ್ಕೂ ತಿಳಿದದ್ದಕ್ಕೂ ಇರುವ ದೂರ ಗೊತ್ತಾಯಿತು. ಲ್ಯಾಡರ್ ನಕ್ಷೆ ಹುಟ್ಟಿದ್ದೇ ರಿಲೇ ಪ್ಯಾನೆಲ್‌ಗಳ ಮುಂದೆ ಕೆಲಸ ಮಾಡುತ್ತಿದ್ದ ಎಲೆಕ್ಟ್ರೀಷಿಯನ್ನರಿಗೆ ಪರಿಚಿತವಾಗಿರಲಿ ಎಂದು. 1968ರಲ್ಲಿ ಡಿಕ್ ಮೊರ್ಲಿ ಮತ್ತು ಸಂಗಡಿಗರ ಕಲ್ಪನೆಯಾಗಿ ಹೊರಟು, ಅವರ ಬೆಡ್‌ಫರ್ಡ್ ಅಸೋಸಿಯೇಟ್ಸ್ ಸಂಸ್ಥೆಯ 84ನೇ ಯೋಜನೆಯಾದ್ದರಿಂದ 084 ಎಂದು ಹೆಸರಾದ ಮೋಡಿಕಾನ್ ಯಂತ್ರದ ಕಾಲದಿಂದಲೂ ಪಿಎಲ್‌ಸಿಯ ಭಾಷೆಗೆ ತಂತಿಯ ನೆನಪು ಅಂಟಿಕೊಂಡೇ ಬಂದಿದೆ. ತಂತಿಯನ್ನು ಮುಟ್ಟದೆ ಈ ಭಾಷೆಯನ್ನು ಕಲಿಯುವುದು ದಡದಲ್ಲಿ ಕೂತು ಈಜು ಕಲಿತಂತೆ.

ಇನ್‌ಪುಟ್ ಫಿಲ್ಟರ್ ಕಲಿಸಿದ ಪಾಠವೂ ಸಣ್ಣದಲ್ಲ. 1212ಸಿಯ ಪ್ರತಿಯೊಂದು ಇನ್‌ಪುಟ್‌ಗೂ ಆರಂಭದಲ್ಲಿ 6.4 ಮಿಲಿಸೆಕೆಂಡಿನ ಫಿಲ್ಟರ್ ಇರುತ್ತದೆ. ಗುಂಡಿ ಒತ್ತಿದಾಗ ಕಾಂಟ್ಯಾಕ್ಟ್ ಅದುರಿ ಹುಟ್ಟುವ ಸುಳ್ಳು ಸಂಕೇತಗಳನ್ನು ಅದು ನುಂಗಿಹಾಕುತ್ತದೆ. ಹಲ್ಲಿನ ಚಕ್ರವೊಂದನ್ನು ಪ್ರಾಕ್ಸಿಮಿಟಿ ಸೆನ್ಸರಿನ ಮುಂದೆ ತಿರುಗಿಸಿ ಹಲ್ಲುಗಳನ್ನು ಎಣಿಸಲು ಹೊರಟಾಗ, ನಿಧಾನವಾಗಿ ತಿರುಗಿಸಿದರೆ ಲೆಕ್ಕ ಸರಿ, ವೇಗವಾಗಿ ತಿರುಗಿಸಿದರೆ ಲೆಕ್ಕ ತಪ್ಪು, ಇನ್ನೂ ವೇಗವಾದರೆ ಲೆಕ್ಕವೇ ಇಲ್ಲ. ಸಾಮಾನ್ಯ ಕೌಂಟರ್ ಬಿಟ್ಟು, ಈ ಯಂತ್ರದಲ್ಲಿ 100 ಕಿಲೋಹರ್ಟ್ಸ್‌ವರೆಗೆ ಎಣಿಸಬಲ್ಲ ಹೈ ಸ್ಪೀಡ್ ಕೌಂಟರ್ ಹಾಕಿದರೂ ಫಲಿತಾಂಶ ಅದೇ ಆಗಿತ್ತು, ಏಕೆಂದರೆ ಕೌಂಟರ್ ಎಷ್ಟೇ ಚುರುಕಾಗಿದ್ದರೂ ಅದರ ಬಾಗಿಲಲ್ಲಿ ನಿಂತ ಫಿಲ್ಟರ್ ಪಲ್ಸುಗಳನ್ನು ಒಳಗೇ ಬಿಡುತ್ತಿರಲಿಲ್ಲ. ಆ ಒಂದು ಇನ್‌ಪುಟ್‌ನ ಫಿಲ್ಟರನ್ನು ಇಳಿಸಿದ ಕೂಡಲೇ ಲೆಕ್ಕ ಸರಿಹೋಯಿತು. ನಾನು ನೋಡಿದ ಸಿಮ್ಯುಲೇಟರುಗಳಲ್ಲಿ ಈ ಪೇಚು ಎದುರಾಗುವ ಸಂಭವವೇ ಇರಲಿಲ್ಲ.

ಅನಲಾಗ್ ಕಡೆಯಲ್ಲಿ 10 ವೋಲ್ಟ್ ಎಂಬುದು ಪ್ರೋಗ್ರಾಮಿಗೆ 27648 ಎಂಬ ಪೂರ್ಣಾಂಕವಾಗಿ ಕಾಣುತ್ತದೆ. ಅಳತೆಯನ್ನು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ತಾಗಿ ಕಳಿಸುವ ಸೆನ್ಸರನ್ನು ನೇರವಾಗಿ ತೆಗೆದುಕೊಳ್ಳಲು ಇದಕ್ಕೆ ಬರುವುದಿಲ್ಲವೆಂಬುದು ಕೊರತೆಯೇ ಸರಿ, ಆದರೆ 500 ಓಮ್‌ನ ರೆಸಿಸ್ಟರಿನ ಮೂಲಕ ಆ ವಿದ್ಯುತ್ತನ್ನು ಹಾಯಿಸಿದರೆ ಅದು 2ರಿಂದ 10 ವೋಲ್ಟ್ ಆಗುತ್ತದೆ. 1 ಕಿಲೋಓಮ್‌ನ ಎರಡನ್ನು ಸಮಾಂತರವಾಗಿ ಜೋಡಿಸಿದರೆ 500 ಸಿಕ್ಕಿತು. ಆಗ ಸರಿಯಾಗಿರುವ ಸೆನ್ಸರಿನ ಕನಿಷ್ಠ ಅಂಕಿ ಸುಮಾರು 5530. ಅದಕ್ಕಿಂತ ಬಹಳ ಕೆಳಗೆ ಇಳಿಯಿತೆಂದರೆ ಸೆನ್ಸರ್ ಅಳೆಯುತ್ತಿರುವ ತೊಟ್ಟಿ ಖಾಲಿಯಾಗಿದೆ ಎಂದರ್ಥವಲ್ಲ, ತಂತಿ ಕಡಿದಿದೆ ಎಂದರ್ಥ. ಶೂನ್ಯದಿಂದ ಶುರುವಾಗದೆ 4ರಿಂದ ಶುರುವಾಗುವ ಅಳತೆಯ ಜಾಣತನವನ್ನು ಒಂದು ಸಂಜೆಯಲ್ಲಿ ಹೀಗೆ ಕಣ್ಣಾರೆ ಕಂಡೆ.

ಈಗ ಕಹಿ ಭಾಗ. ಯಂತ್ರವನ್ನು ಹಳೆಯದಾಗಿ ಕೊಳ್ಳಬಹುದು, ತಂತ್ರಾಂಶವನ್ನಲ್ಲ. ಇದನ್ನು ಪ್ರೋಗ್ರಾಮ್ ಮಾಡುವ ಟಿಐಎ ಪೋರ್ಟಲ್ ತಂತ್ರಾಂಶಕ್ಕೆ 21 ದಿನಗಳ ಪ್ರಾಯೋಗಿಕ ಅವಧಿಯಿದೆ. ಆಮೇಲೆ ಲೈಸೆನ್ಸ್ ಬೇಕು. ಈ ಸರಣಿಗೆ ಸ್ಟೆಪ್ 7 ಬೇಸಿಕ್ ಎಂಬ ಚಿಕ್ಕ ಲೈಸೆನ್ಸೇ ಸಾಕಾಗುತ್ತದೆಂಬುದು ಸಮಾಧಾನ, ಆದರೆ ಬಳಸಿದ ಯಂತ್ರದಿಂದ ಉಳಿಸಿದ ಹಣದ ಒಂದು ಪಾಲು ಇಲ್ಲಿ ಹೋಗುತ್ತದೆ. ಹೊಸದನ್ನೇ ಕೊಳ್ಳುವ ಶಕ್ತಿಯಿದ್ದವರು 1212ಸಿ, ಸ್ವಿಚ್ ಪಟ್ಟಿ ಮತ್ತು ಈ ತಂತ್ರಾಂಶವನ್ನು ಒಟ್ಟಿಗೆ ಕಟ್ಟಿಕೊಡುವ ಸ್ಟಾರ್ಟರ್ ಕಿಟ್‌ನ ಬೆಲೆಯನ್ನು, ಹಳೆಯ ಯಂತ್ರ, ಮೆಮೊರಿ ಕಾರ್ಡ್, ಲೈಸೆನ್ಸ್ ಮೂರರ ಒಟ್ಟು ಬೆಲೆಯೊಂದಿಗೆ ಹೋಲಿಸಿ ನೋಡುವುದು ಒಳಿತು. ಅಂತರ ಮೇಲುನೋಟಕ್ಕೆ ಕಾಣುವಷ್ಟು ಇರುವುದಿಲ್ಲ. ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ 21 ದಿನಗಳನ್ನು ಹಿಗ್ಗಿಸುವ ಉಪಾಯಗಳನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವು ಷರತ್ತಿಗೆ ವಿರುದ್ಧವಾದವು ಎಂಬುದು ಒಂದು ಮಾತಾದರೆ, ನಾಳೆ ಇದೇ ಕ್ಷೇತ್ರದಲ್ಲಿ ಕೆಲಸ ಕೇಳುವವರು ಇಂಥ ಅಭ್ಯಾಸದಿಂದ ಆರಂಭಿಸಬಾರದು ಎಂಬುದು ನನ್ನ ನಿಲುವು. ನಾನು ಮಾಡಿದ್ದು ಇಷ್ಟು: ಮೊದಲು ಕೋಡೆಸಿಸ್‌ನಲ್ಲಿ ಭಾಷೆ ಕಲಿತು, ತಂತಿಗಳನ್ನೆಲ್ಲ ಜೋಡಿಸಿ ಮುಗಿಸಿ, ಮಾಡಬೇಕಾದ ಅಭ್ಯಾಸಗಳ ಪಟ್ಟಿ ಬರೆದಿಟ್ಟುಕೊಂಡು ಆಮೇಲೆ ಪ್ರಾಯೋಗಿಕ ಅವಧಿ ಶುರುಮಾಡಿದೆ. ಸಿದ್ಧತೆಯೊಂದಿಗೆ ಇಳಿದರೆ 21 ದಿನ ಕಡಿಮೆಯೇನಲ್ಲ. ಲೈಸೆನ್ಸ್ ಕೊಂಡದ್ದು, ಈ ದಾರಿಯಲ್ಲಿ ಮುಂದುವರಿಯುವುದು ಖಚಿತವಾದ ಮೇಲೆ.

ತಂತ್ರಾಂಶವಂತೂ ಭಾರವಾದದ್ದು. ವಿಂಡೋಸ್ ಬಿಟ್ಟು ಬೇರೆಡೆ ಓಡುವುದಿಲ್ಲ, ಇನ್‌ಸ್ಟಾಲ್ ಆಗುವಷ್ಟರಲ್ಲಿ ಊಟ ಮುಗಿಸಿ ಬರಬಹುದು, ಹಳೆಯ ಲ್ಯಾಪ್‌ಟಾಪಿನಲ್ಲಿ ಏದುಸಿರು ಬಿಡುತ್ತದೆ. ಆದರೆ ಒಮ್ಮೆ ತೆರೆದ ಮೇಲೆ ಅದರ ಅಚ್ಚುಕಟ್ಟನ್ನು ಮೆಚ್ಚದಿರಲಾಗದು. ಓಡುತ್ತಿರುವ ಲ್ಯಾಡರ್‌ನಲ್ಲಿ ವಿದ್ಯುತ್ತಿನ ದಾರಿ ಹಸಿರಾಗಿ ಕಾಣುವುದು, ಒಂದೇ ಔಟ್‌ಪುಟ್‌ಗೆ ಎರಡು ಕಡೆ ಬರೆದು ಕೊನೆಯದು ಮಾತ್ರ ಗೆಲ್ಲುತ್ತಿರುವಾಗ ಯಾವುದು ಎಲ್ಲೆಲ್ಲಿ ಬಳಕೆಯಾಗಿದೆ ಎಂದು ತೋರಿಸುವ ಕ್ರಾಸ್ ರೆಫರೆನ್ಸ್ ಪಟ್ಟಿ ಅದನ್ನು ಹಿಡಿದುಕೊಡುವುದು ಕಲಿಯುವವರಿಗೆ ದೊಡ್ಡ ಆಸರೆ. ಲ್ಯಾಡರ್, ಎಫ್‌ಬಿಡಿ (ಫಂಕ್ಷನ್ ಬ್ಲಾಕ್ ನಕ್ಷೆ) ಮತ್ತು ಸ್ಟ್ರಕ್ಚರ್ಡ್ ಟೆಕ್ಸ್ಟ್‌ನ ಇನ್ನೊಂದು ಹೆಸರೆನ್ನಬಹುದಾದ ಎಸ್‌ಸಿಎಲ್ ಇಲ್ಲಿವೆ. ಸೀಕ್ವೆನ್ಸ್ ಬರೆಯುವ ಗ್ರಾಫ್ ಭಾಷೆ ಈ ಸರಣಿಗೆ ಇಲ್ಲ. ಹಂತಗಳ ಸಂಖ್ಯೆಯನ್ನು ನಾವೇ ಇಟ್ಟುಕೊಂಡು ಬರೆಯಬೇಕಾಗುತ್ತದೆ, ಅದರಿಂದ ನನಗೆ ಲಾಭವೇ ಆಯಿತು.

ಲೈಸೆನ್ಸಿನ ಮಾತು ಕೇಳಿಯೇ ಹಿಂದೆ ಸರಿಯುವವರಿಗೆ ನಾನು ಹೇಳುವುದು ಡೆಲ್ಟಾ ಕಂಪನಿಯ ಡಿವಿಪಿ-14ಎಸ್‌ಎಸ್2 ಎಂಬ ಪಿಎಲ್‌ಸಿ. 8 ಇನ್‌ಪುಟ್, 6 ಔಟ್‌ಪುಟ್, 24 ವೋಲ್ಟ್, ತಂತ್ರಾಂಶ ಪೂರ್ತಿ ಉಚಿತ, ಸಿಮ್ಯುಲೇಟರ್ ಜೊತೆಗೇ ಬರುತ್ತದೆ. ಈಥರ್ನೆಟ್ ಇಲ್ಲ, ಅನಲಾಗ್ ಇಲ್ಲ, ಆರ್‌ಎಸ್-232 ಕೇಬಲ್‌ಗೆ ಯುಎಸ್‌ಬಿ ಪರಿವರ್ತಕವೊಂದನ್ನು ಹುಡುಕಬೇಕು, ತಂತ್ರಾಂಶದ ಮುಖ ಹಳೆಯ ಕಾಲದ್ದು. ಆದರೂ ಆರ್‌ಎಸ್-485 ಕಿಂಡಿ ಇರುವುದರಿಂದ ಸಾಧನಗಳು ಪರಸ್ಪರ ಮಾತಾಡುವ ಮಾಡ್‌ಬಸ್ ಎಂಬ ಸಂವಹನ ಪದ್ಧತಿಯನ್ನು ಕಲಿಯಲು ಇದು ಬಲು ಅನುಕೂಲ. ಮೋಟಾರನ್ನು ನಡೆಸುವ ಸಣ್ಣ ಡ್ರೈವ್ ಒಂದನ್ನು ಜೋಡಿಸಿ ಎರಡೇ ತಂತಿಯಲ್ಲಿ ಮೋಟಾರಿನ ವೇಗ ಬದಲಿಸಬಹುದು. ಆರ್ಡುಯಿನೋ ಆಪ್ಟಾ ಹೊಸದಾಗಿ ಬಂದದ್ದು, 8 ಇನ್‌ಪುಟ್, 4 ರಿಲೇ, ಐಇಸಿ ಭಾಷೆಗಳು ಎಲ್ಲವೂ ಅದರಲ್ಲಿವೆ. ಸಿ ಭಾಷೆ ಬಲ್ಲವರಿಗೆ ಎರಡೂ ಲೋಕಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತದೆ, ಆದರೆ ಕೆಲಸದ ಸಂದರ್ಶನದಲ್ಲಿ ಅದರ ಹೆಸರು ಹೇಳಿದರೆ ಎಷ್ಟು ಮಂದಿ ತಲೆದೂಗುತ್ತಾರೆ ಎಂಬ ಅನುಮಾನ ನನಗಿದೆ. ಸೀಮೆನ್ಸ್‌ನದೇ ಲೋಗೋ ಎಂಬ ಪುಟ್ಟ ನಿಯಂತ್ರಕ ಅಗ್ಗವಾದರೂ ಅದು ಬುದ್ಧಿವಂತ ರಿಲೇಯ ಜಾತಿಗೆ ಸೇರಿದ್ದು. ಅಲ್ಲಿ ಕಲಿತದ್ದನ್ನು ಟಿಐಎ ಪೋರ್ಟಲ್‌ಗೆ ಹೊತ್ತೊಯ್ಯಲು ಬರುವುದಿಲ್ಲ. ಅಮೆರಿಕದ ಪಿಎಲ್‌ಸಿ ತಯಾರಕ ರಾಕ್‌ವೆಲ್‌ನ ಲೋಕಕ್ಕೆ ಹೋಗಬಯಸುವವರು ಈಥರ್ನೆಟ್ ಇರುವ ಹಳೆಯ ಮೈಕ್ರೋಲಾಜಿಕ್ಸ್ 1100ನ್ನು ಹುಡುಕಬಹುದು, ಅದಕ್ಕೆ ಉಚಿತ ತಂತ್ರಾಂಶವಿದೆ. ಆದರೆ ಅದೇ ಕಂಪನಿಯ ಇಂದಿನ ಕಂಟ್ರೋಲ್‌ಲಾಜಿಕ್ಸ್‌ನಲ್ಲಿ ಮೆಮೊರಿಯನ್ನು ಹೆಸರಿನಿಂದ ಕರೆಯುವ ಟ್ಯಾಗ್ ಪದ್ಧತಿಗೂ ಮೈಕ್ರೋಲಾಜಿಕ್ಸ್‌ನಲ್ಲಿ ಸಂಖ್ಯೆಯಿಂದ ಕರೆಯುವ ವಿಳಾಸ ಪದ್ಧತಿಗೂ ಬಹಳ ಅಂತರವಿದೆ.

1212ಸಿಯ ಉಳಿದ ಕೊರತೆಗಳು ಚಿಕ್ಕವು. ಅನಲಾಗ್ ಔಟ್‌ಪುಟ್ ಇಲ್ಲ, ಬೇಕಿದ್ದರೆ ಮುಖದ ಮೇಲೆ ಕೂರಿಸುವ ಸಿಗ್ನಲ್ ಬೋರ್ಡ್ ಕೊಳ್ಳಬೇಕು. ಟ್ರಾನ್ಸಿಸ್ಟರ್ ಔಟ್‌ಪುಟ್ ಒಂದಕ್ಕೆ 0.5 ಆಂಪಿಯರ್ ಮಿತಿ; ದೊಡ್ಡದೇನನ್ನಾದರೂ ನಡೆಸಲು ನಡುವೆ ರಿಲೇ ಬೇಕು. ಎಂಟೂ ಇನ್‌ಪುಟ್‌ಗಳಿಗೆ ಒಂದೇ ಕಾಮನ್ ಇರುವುದರಿಂದ ಪಿಎನ್‌ಪಿ (ಸಂಕೇತವಾಗಿ 24 ವೋಲ್ಟ್ ಕೊಡುವ) ಮತ್ತು ಎನ್‌ಪಿಎನ್ (ಸಂಕೇತವಾಗಿ 0 ವೋಲ್ಟಿಗೆ ಎಳೆಯುವ) ಸೆನ್ಸರುಗಳನ್ನು ಬೆರೆಸುವಂತಿಲ್ಲ, ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು. ತುರ್ತು ನಿಲುಗಡೆಯ ಗುಂಡಿಯನ್ನು ಮಾತ್ರ ಈ ಯಂತ್ರದ ಪ್ರೋಗ್ರಾಮನ್ನು ನಂಬಿ ಬಿಡಬಾರದು. ಔಟ್‌ಪುಟ್‌ಗಳಿಗೆ ಹೋಗುವ 24 ವೋಲ್ಟನ್ನೇ ಅದು ಕತ್ತರಿಸುವಂತೆ ಜೋಡಿಸಿದ್ದೇನೆ, ಗುಂಡಿಯ ಇನ್ನೊಂದು ಕಾಂಟ್ಯಾಕ್ಟ್ ಪಿಎಲ್‌ಸಿಗೆ ಸುದ್ದಿಯನ್ನಷ್ಟೇ ಮುಟ್ಟಿಸುತ್ತದೆ. ಸದ್ಯಕ್ಕೆ ಡಬ್ಬಿಗೆ ಹಾಕಿದ್ದ ಆ ಹೆಸರಿಲ್ಲದ ಬೋರ್ಡಿನಿಂದ ನಾಲ್ಕು ರಿಲೇಗಳನ್ನು ಕಿತ್ತು ಇದರ ಔಟ್‌ಪುಟ್‌ಗಳಿಗೆ ಹಾಕಿಕೊಂಡಿದ್ದೇನೆ. ಆ ಬೋರ್ಡಿನಲ್ಲಿ ನಂಬಬಹುದಾಗಿದ್ದದ್ದು ಅವು ಮಾತ್ರ.